ಹುಳುಮನೆಯೊಳಗೊಂದು ಸರ್ವರ್

ಪಡಿತರಕ್ಕೆ ಬೆರಳೊತ್ತಲು ಸಾಲಿನಲ್ಲಿ ನಿಂತವರ ಕಿವಿಗೆ, ಪಹಣಿ ತೆಗೆಸಲು ಬಸ್ಸು ಹತ್ತಿ ಬಂದವರ ಕಿವಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಬಿದ್ದೂ ಬಿದ್ದೂ, ಸರ್ವರ್ ಎಂದರೆ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತು ಮನಸ್ಸು ಬಂದಾಗ ಮಾತ್ರ ದರ್ಶನ ಕೊಡುವ ಏನೋ ಒಂದು ದೊಡ್ಡ ಶಕ್ತಿ ಎಂಬ ಭಾವನೆ ನಮ್ಮ ಊರುಗಳಲ್ಲಿ ಬೇರೂರಿಬಿಟ್ಟಿದೆ. ಎಸಿ ಹಾಕಿದ ಕಟ್ಟಡ, ಸಾಲುಸಾಲು ಕಪಾಟು, ಮಿಣುಕುವ ದೀಪ. ಅಂಥ ಕಟ್ಟಡಗಳು ಇರುವುದು ನಿಜ. ಆದರೆ ವೆಬ್ ಸರ್ವರ್ ಆಗುವುದಕ್ಕೆ ಅದಾವುದೂ ಬೇಕಿಲ್ಲ. ಯಾರಾದರೂ ಕೇಳಿಯಾರೆಂದು ಕಾದು ಕೂರುವುದು, ಕೇಳಿದ್ದಕ್ಕೆ ಗೊತ್ತಾದ ಒಕ್ಕಣೆಯಲ್ಲಿ ಉತ್ತರ ಕೊಡುವುದು, ಇಷ್ಟು ಮಾಡುವ ಪ್ರೋಗ್ರಾಮ್ ಯಾವ ಯಂತ್ರದೊಳಗಿದ್ದರೂ ಅದು ವೆಬ್ ಸರ್ವರ್. ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ ಒಬ್ಬರು ಕೂತು ಕೆಲಸ ಮಾಡುತ್ತಿದ್ದ ಕಂಪ್ಯೂಟರೇ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ತಮ್ಮ ನೆಕ್ಸ್ಟ್ ಯಂತ್ರದ ಮೇಲೆ ಓಡಿಸಿದರು. ಯಾರಾದರೂ ಸ್ವಿಚ್ ಆರಿಸಿಬಿಟ್ಟರೆ ಇಡೀ ವೆಬ್ಬೇ ಮಲಗುತ್ತದೆಂದು, ಇದು ಸರ್ವರ್, ಆರಿಸಬೇಡಿ ಎಂದು ಕೈಯಲ್ಲಿ ಬರೆದ ಚೀಟಿಯನ್ನು ಅದರ ಮೈಗೆ ಅಂಟಿಸಿದ್ದರು.

ಅಲ್ಲಿಂದ ಸರ್ವರ್ ದೊಡ್ಡದಾಗುತ್ತ ಹೋದ ಕತೆ ಎಲ್ಲರಿಗೂ ಗೊತ್ತು. ಚಿಕ್ಕದಾಗುತ್ತ ಬಂದ ಕತೆ ಬಲ್ಲವರು ಕಡಿಮೆ. ನನಗೆ ಅದೇ ಹೆಚ್ಚು ಇಷ್ಟ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಕೆಲವರು, ಕಾಫಿಗೆಂದು ಎದ್ದು ಹೋದಾಗಲೆಲ್ಲ ಜಗ್ಗು ಖಾಲಿ ಬಿದ್ದಿರುವುದನ್ನು ಕಂಡು ಬೇಸತ್ತು, 1991ರಲ್ಲಿ ಜಗ್ಗಿನೆದುರು ಒಂದು ಕ್ಯಾಮೆರಾ ನಿಲ್ಲಿಸಿದರು. 1993ರಲ್ಲಿ ಆ ಚಿತ್ರ ವೆಬ್ಬಿಗೂ ಬಂತು. ಎದ್ದು ಹೋಗಿ ನೋಡುವ ಬದಲು ಕೂತಲ್ಲೇ ನೋಡುವುದು: ಇವತ್ತಿನ ‘ಸ್ಮಾರ್ಟ್’ ಉಪಕರಣಗಳ ವ್ಯಾಪಾರವೆಲ್ಲ ನಿಂತಿರುವುದು ಈ ಸೋಮಾರಿತನದ ಮೇಲೇ. ಇನ್ನು 1999ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಎಚ್. ಶ್ರೀಕುಮಾರ್ ಬೆಂಕಿಕಡ್ಡಿಯ ತಲೆಯಷ್ಟು ಗಾತ್ರದ ವೆಬ್ ಸರ್ವರ್ ಮಾಡಿ ತೋರಿಸಿದರು. ಎಂಟೇ ಕಾಲಿನ ಪಿಕ್ ಚಿಪ್ಪು ಅದು. ಪ್ರೋಗ್ರಾಮಿಗೆ 1024 ಆದೇಶಗಳಷ್ಟು ಜಾಗ, ಕೆಲಸ ಮಾಡುವಾಗಿನ ನೆನಪಿಗೆ 41 ಬೈಟ್. ಇವತ್ತಿನ ಯೂನಿಕೋಡ್ ಲೆಕ್ಕದಲ್ಲಿ ‘ಚಾಮರಾಜನಗರ’ ಎಂದು ಬರೆಯಲು 27 ಬೈಟ್ ಬೇಕು, ‘ಗುಂಡ್ಲುಪೇಟೆ’ಗೆ 33. ಎರಡು ಊರಿನ ಹೆಸರನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಲಾರದ ಚಿಪ್ಪು, ಕೇಳಿದ ಬ್ರೌಸರ್‌ಗೆಲ್ಲ ಪುಟ ಕೊಡುತ್ತಿತ್ತು. ಪುಟಗಳನ್ನು ಪಕ್ಕದ ಇನ್ನೊಂದು ಪುಟ್ಟ ಚಿಪ್ಪಿನಲ್ಲಿಟ್ಟು, ಬೇಕಾದಷ್ಟನ್ನೇ ಎತ್ತಿ ಎತ್ತಿ ಕಳಿಸುವ ಉಪಾಯ ಮಾಡಿದ್ದರು.

ಈ ಅಧ್ಯಾಯದಲ್ಲಿ ನಾವು ಕಟ್ಟುವ ಸರ್ವರ್‌ಗೆ ಅಷ್ಟು ಬಡತನವಿಲ್ಲ. ಅದಕ್ಕೆ ಜಾಗ ಚಾಮರಾಜನಗರ ತಾಲ್ಲೂಕಿನ ಒಂದು ಹುಳುಮನೆ, ಅಂದರೆ ರೇಷ್ಮೆಹುಳು ಸಾಕುವ ಮನೆ, ಎಂದಿಟ್ಟುಕೊಳ್ಳೋಣ. ಹಿಂದೆ ಅರಿಕುಠಾರವೆಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆಗೆ ಹಿಪ್ಪುನೇರಳೆ ಹೊಸದಲ್ಲ. ಸಂತೇಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲದ ಸರ್ಕಾರಿ ರೇಷ್ಮೆ ನೂಲಿನ ಕಾರ್ಖಾನೆಗಳು ಹಿರಿಯರಿಗೆ ಇನ್ನೂ ನೆನಪಿವೆ. ಹುಳು ಮೊಟ್ಟೆಯೊಡೆದು ಗೂಡು ಕಟ್ಟಲು ಚಂದ್ರಿಕೆ ಹತ್ತುವ ತನಕದ ಇಪ್ಪತ್ತೈದು–ಇಪ್ಪತ್ತೆಂಟು ದಿನ ಮನೆಯವರ ಜೀವ ಎರಡು ಅಂಕಿಗಳ ಮೇಲೆ ನಿಂತಿರುತ್ತದೆ: ಉಷ್ಣತೆ, ತೇವಾಂಶ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಬಿಸಿ, ಶೇ 85ರಿಂದ 90ರಷ್ಟು ತೇವ ಬೇಕು. ಬೆಳೆದ ಹುಳುವಿಗೆ 24–25 ಡಿಗ್ರಿ, ಶೇ 70–75 ಸಾಕು. ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡುವುದಕ್ಕೆ ರೈತರು ಹೇಳುವುದು ಹಾಗೆ, ಒಟ್ಟು ನಾಲ್ಕು ಜ್ವರ) ಹಾಸಿಗೆ ಒಣಗಿರಬೇಕು. ತಂಪು ಹವೆಯಲ್ಲಿ ತೇವ ಏರಿ ನಿಂತಿತೋ, ಸುಣ್ಣಕಟ್ಟು ರೋಗ ಬಂತೆಂದೇ ಲೆಕ್ಕ. ಬ್ಯೂವೇರಿಯಾ ಎಂಬ ಶಿಲೀಂಧ್ರ ಮೈಯೊಳಗೆ ಬೆಳೆದು ಹುಳು ಬೆಳ್ಳಗೆ ಸೆಟೆದು ಸಾಯುತ್ತದೆ. ಕಣ್ಣಿಗೆ ಕಾಣದ ಜೀವಿಯಿಂದ ರೋಗ ಬರುತ್ತದೆ ಎಂಬುದನ್ನು ಇಟಲಿಯ ಅಗಸ್ಟೀನೋ ಬಾಸಿ ಪಾಶ್ಚರ್‌ಗಿಂತ ಎಷ್ಟೋ ಮೊದಲು, 1835ರಲ್ಲಿ, ತೋರಿಸಿಕೊಟ್ಟದ್ದು ಇದೇ ಸುಣ್ಣಕಟ್ಟಿನ ಹುಳುಗಳನ್ನು ಇಟ್ಟುಕೊಂಡು.

ಗೋಡೆಗೆ ಜೋಡಿ ಉಷ್ಣಮಾಪಕ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿ, ಎರಡರ ವ್ಯತ್ಯಾಸವನ್ನು ಕೋಷ್ಟಕದಲ್ಲಿ ಹುಡುಕಿ ತೇವಾಂಶ ಹೇಳುವುದು ಹಳೆಯ ಕ್ರಮ. ಕೆಟ್ಟ ಕ್ರಮವೇನಲ್ಲ, ಬತ್ತಿ ಒಣಗದಂತೆ ನೋಡಿಕೊಂಡರೆ ಸಾಕು. ತೊಂದರೆ ಬೇರೆ ಕಡೆ ಇದೆ. ಅಂಕಿ ನೋಡಲು ಒಳಗೆ ಹೋಗಬೇಕು, ಹೋದವರ ಕಾಲಿನ ಜೊತೆ ಸೋಂಕೂ ಒಳಗೆ ಹೋಗುತ್ತದೆ. ಹುಳುಮನೆಯ ಬಾಗಿಲನ್ನು ಎಷ್ಟು ಕಡಿಮೆ ತೆಗೆದರೆ ಅಷ್ಟು ಒಳ್ಳೆಯದು. ಹಾಗಾಗಿ ಕೇಂಬ್ರಿಜ್ಜಿನವರ ಸೋಮಾರಿತನ ಇಲ್ಲಿ ಶುಚಿತ್ವವಾಗುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಎರಡು ವಸ್ತು ಇದಕ್ಕೆ ಸಾಕು. ಒಂದು, ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ಹೊರತಂದ ಇಎಸ್‌ಪಿ32 ಚಿಪ್ಪಿನ ಬೋರ್ಡು: 520 ಕಿಲೋಬೈಟ್ ನೆನಪು, ವೈಫೈ ಒಳಗೇ ಅಡಕ. ಇನ್ನೊಂದು ಡಿಎಚ್‌ಟಿ22 ಎಂಬ ಬಿಳಿಯ ಸಂವೇದಕ. ಇದು ಎರಡು ಸೆಕೆಂಡಿಗೊಮ್ಮೆ, ಒಂದೇ ತಂತಿಯ ಮೇಲೆ, 40 ಬಿಟ್ ಹೇಳುತ್ತದೆ. ಹೇಳುವ ರೀತಿ ನೋಡಿ. ತಂತಿಯಲ್ಲಿ ವೋಲ್ಟೇಜು ಮೇಲೆದ್ದು ಸುಮಾರು 27 ಮೈಕ್ರೋಸೆಕೆಂಡಿನಲ್ಲಿ ಬಿದ್ದರೆ ಅದು ಸೊನ್ನೆ, 70 ಮೈಕ್ರೋಸೆಕೆಂಡು ನಿಂತು ಬಿದ್ದರೆ ಒಂದು. ನಲವತ್ತು ಬಿಟ್ ಎಂದರೆ ಐದು ಬೈಟ್. ಒಂದು ಓದಿನಲ್ಲಿ 2, 213, 1, 5, 221 ಬಂತೆನ್ನಿ. ಮೊದಲೆರಡನ್ನು ಸೇರಿಸಿದರೆ 2×256+213, ಅಂದರೆ 725. ತೇವಾಂಶ ಶೇ 72.5. ಮುಂದಿನೆರಡು 256+5, ಅಂದರೆ 261, ಉಷ್ಣತೆ 26.1 ಡಿಗ್ರಿ. ಕೊನೆಯ 221 ಏನು? ಮೊದಲ ನಾಲ್ಕರ ಮೊತ್ತ. ದಾರಿಯಲ್ಲಿ ಒಂದು ಬಿಟ್ ಕೆಟ್ಟಿದ್ದರೂ ಮೊತ್ತ ತಾಳೆಯಾಗದು, ಆ ಓದನ್ನು ಬಿಸಾಡಬಹುದು. ಇಷ್ಟು ಅಗ್ಗದ ವಸ್ತುವಿನಲ್ಲಿ ಇಷ್ಟು ಪ್ರಾಮಾಣಿಕತೆ ನನಗೆ ಈಗಲೂ ಸೋಜಿಗ.

ಬೋರ್ಡಿಗೆ ಇಂಟರ್‌ನೆಟ್ ಬೇಕಿಲ್ಲ. ಟವರ್ ಸಿಗದ ಮೂಲೆಯಲ್ಲೂ ಇದು ನಡೆಯುತ್ತದೆ, ಏಕೆಂದರೆ ಚಿಪ್ಪು ತಾನೇ ಒಂದು ವೈಫೈ ಜಾಲ ಹಬ್ಬಿಸುತ್ತದೆ. ಆ ಜಾಲದಲ್ಲಿ ತನಗೆ 192.168.4.1 ಎಂಬ ವಿಳಾಸ ಇಟ್ಟುಕೊಳ್ಳುತ್ತದೆ, ಬಂದ ಫೋನಿಗೂ ಒಂದು ವಿಳಾಸ ಕೊಡುತ್ತದೆ. ಫೋನಿನವರು ಬ್ರೌಸರ್‌ನಲ್ಲಿ ಆ ಅಂಕಿಗಳನ್ನು ಒತ್ತಿದರಾಯಿತು. ಒಂದೇ ಕಿರಿಕಿರಿ ಎಂದರೆ ಆಂಡ್ರಾಯ್ಡ್ ಫೋನಿನದು. ಹೊಸ ವೈಫೈ ಸಿಕ್ಕಿದ ಕೂಡಲೇ ಅದು ಗೂಗಲ್‌ನ ಒಂದು ವಿಳಾಸಕ್ಕೆ ಕೂಗು ಹಾಕಿ 204 ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರದಿದ್ದರೆ ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ತೀರ್ಮಾನಿಸಿ, ಎಷ್ಟೋ ಸಲ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತದೆ. ಆಗ ಹುಳುಮನೆಯ ಸರ್ವರ್ ಪಕ್ಕದಲ್ಲೇ ನಿಂತಿದ್ದರೂ ಪುಟ ತೆರೆಯದು. ಡೇಟಾ ಆಫ್ ಮಾಡಿ ನೋಡುವುದೇ ಸುಲಭದ ಮದ್ದು.

ಇನ್ನು ಪ್ರೋಗ್ರಾಮ್. ಭಾಷೆ ಮೈಕ್ರೋಪೈಥಾನ್. ಡೇಮಿಯನ್ ಜಾರ್ಜ್ ಎಂಬ ಭೌತವಿಜ್ಞಾನಿ 2013ರಲ್ಲಿ ಜನರಿಂದ ಚಂದಾ ಎತ್ತಿ, ಪೈಥಾನ್ ಭಾಷೆಯನ್ನು ಪುಟ್ಟ ಚಿಪ್ಪುಗಳಿಗೆ ಹೊಂದುವಂತೆ ಹೊಸದಾಗಿ ಬರೆದದ್ದು ಇದು. ಸಿ ಭಾಷೆಯಲ್ಲಿ ಬರೆದರೆ ವೇಗ ಹೆಚ್ಚು, ಒಪ್ಪಿದೆ. ಆದರೆ ನಾವು ಅಳೆಯುತ್ತಿರುವುದು ಹುಳುಮನೆಯ ಹವೆಯನ್ನು, ರಾಕೆಟ್ಟಿನ ಓಟವನ್ನಲ್ಲ. ವೆಬ್ ಸರ್ವರ್‌ನ ಎಲುಬು ಏಳು ಕ್ರಿಯೆಗಳು. ಸಾಕೆಟ್ ಎಂದು ಕರೆದು ಒಂದು ಸಂಪರ್ಕದ ಕೊಂಡಿ ಮಾಡಿಕೊಳ್ಳುವುದು; ಬೈಂಡ್ ಎಂದು ಅದನ್ನು 80ನೇ ಪೋರ್ಟಿಗೆ ಕಟ್ಟುವುದು (ವೆಬ್ಬಿಗೆ ಮೀಸಲಾದ ಸಂಖ್ಯೆ ಅದು, ಬ್ರೌಸರ್ ಕೇಳದೆಯೇ ಅಲ್ಲಿಗೆ ಬರುತ್ತದೆ); ಲಿಸನ್ ಎಂದು ಕಿವಿ ತೆರೆಯುವುದು; ಅಕ್ಸೆಪ್ಟ್ ಎಂದು ಬಂದ ಗಿರಾಕಿಯನ್ನು ಒಳಕ್ಕೆ ಬಿಡುವುದು; ರಿಸೀವ್ ಎಂದು ಅವನ ಮಾತು ಕೇಳುವುದು; ಸೆಂಡ್ ಎಂದು ಉತ್ತರಿಸುವುದು; ಕ್ಲೋಸ್ ಎಂದು ಕಳಿಸಿಕೊಡುವುದು. ಕೊನೆಯ ನಾಲ್ಕು ಒಂದು ಸುತ್ತಿನೊಳಗೆ ಸದಾ ತಿರುಗುತ್ತಿರುತ್ತವೆ. ರಾಗಿ ಗಿರಣಿಯವನು ಒಂದು ಡಬ್ಬಿ ಸುರಿದು, ಬೀಸಿ, ಕೊಟ್ಟು ಕಳಿಸಿದ ಮೇಲೆಯೇ ಮುಂದಿನ ಡಬ್ಬಿಗೆ ಕೈಹಾಕುವಂತೆ. ಉಳಿದವರು ಹೊರಗೆ ಸಾಲು ನಿಲ್ಲುತ್ತಾರೆ, ಸಾಲು ಎಷ್ಟುದ್ದ ಇರಬಹುದೆಂಬುದನ್ನು ಲಿಸನ್‌ಗೆ ಕೊಡುವ ಅಂಕಿ ಹೇಳುತ್ತದೆ. ಈ ಕ್ರಿಯೆಗಳ ಹೆಸರುಗಳೆಲ್ಲ 1983ರಲ್ಲಿ ಬರ್ಕ್ಲಿಯ ಯುನಿಕ್ಸ್ ಜೊತೆ ಬಂದವು. ನಲವತ್ತು ವರ್ಷ ದಾಟಿದರೂ ಅವೇ ನಡೆಯುತ್ತಿವೆ. ಇವುಗಳ ಕೆಳಗೆ ಇಂಟರ್‌ನೆಟ್ಟಿನ ನಿಯಮಗಳನ್ನು ಪಾಲಿಸುವ ಕೂಲಿ ಕೆಲಸವನ್ನು ಚಿಪ್ಪಿನೊಳಗೆ ಎಲ್‌ಡಬ್ಲ್ಯುಐಪಿ ಎಂಬ ತಂತ್ರಾಂಶ ಮಾಡುತ್ತದೆ. ಸ್ವೀಡನ್ನಿನ ಆಡಮ್ ಡಂಕಲ್ಸ್ ಇದನ್ನು ಹತ್ತಾರು ಕಿಲೋಬೈಟ್ ನೆನಪಿನಲ್ಲಿ ಕೆಲಸ ಮಾಡುವಂತೆ ಬರೆದರು. ಇವತ್ತು ಮನೆಯ ಎಷ್ಟು ಉಪಕರಣಗಳೊಳಗೆ ಅದು ಕೂತಿದೆಯೋ ಕೊಂಡವರಿಗೆ ತಿಳಿಯುವುದೇ ಇಲ್ಲ.

ಬ್ರೌಸರ್ ಆಡುವ ಮಾತು ಬರಿಗಣ್ಣಿಗೆ ಓದಲು ಬರುವ ಪಠ್ಯ. ರಿಸೀವ್ ತಂದದ್ದನ್ನು ಹಾಗೇ ಪರದೆಗೆ ಸುರಿದು ನೋಡಿ. ಮೊದಲ ಸಾಲಿನಲ್ಲಿ ‘ಗೆಟ್’ ಎಂಬ ಕ್ರಿಯಾಪದ, ಒಂದು ಓರೆಗೆರೆ, ‘ಎಚ್‌ಟಿಟಿಪಿ/1.1’. ಮುಂದಿನ ಸಾಲುಗಳಲ್ಲಿ ತಾನು ಯಾವ ಬ್ರೌಸರ್, ಯಾವ ಭಾಷೆ ಬಲ್ಲೆ ಇತ್ಯಾದಿ ಪ್ರವರ. ಕೊನೆಗೆ ಒಂದು ಖಾಲಿ ಸಾಲು. ಉತ್ತರವೂ ಹಾಗೆಯೇ ಇರಬೇಕು: ‘ಎಚ್‌ಟಿಟಿಪಿ/1.1 200 ಓಕೆ’ ಎಂಬ ಸಾಲು, ಕೆಲವು ವಿವರಗಳು, ಖಾಲಿ ಸಾಲು, ಅದಾದ ಮೇಲೆ ಪುಟ. ಖಾಲಿ ಸಾಲು ಮರೆತರೆ ಇಡೀ ಪುಟವನ್ನೇ ಪೀಠಿಕೆಯೆಂದು ತಿಳಿದು ಬ್ರೌಸರ್ ಬಿಳಿ ಪರದೆ ತೋರಿಸುತ್ತದೆ. ಎಷ್ಟು ಸಲ ಪುಟ ಕೇಳಿದರು ಎಂದು ಎಣಿಸಲು ಹೊರಟವರಿಗೆ ಇನ್ನೊಂದು ಬೆರಗು ಕಾದಿರುತ್ತದೆ. ಒಮ್ಮೆ ತೆರೆದರೆ ಎಣಿಕೆ ಎರಡಾಗುತ್ತದೆ, ಏಕೆಂದರೆ ಬ್ರೌಸರ್ ಯಾರೂ ಹೇಳದಿದ್ದರೂ ತಲೆಪಟ್ಟಿಗೆ ಅಂಟಿಸಲು ಒಂದು ಪುಟ್ಟ ಚಿತ್ರವನ್ನು ಕೇಳಿಯೇ ಕೇಳುತ್ತದೆ.

ಇಲ್ಲಿಯವರೆಗಿನದು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಸಿಗುತ್ತದೆ. ಪುಟ ಕನ್ನಡದಲ್ಲಿರಬೇಕು ಎಂದ ಕ್ಷಣದಿಂದ ಅವು ಕೈಕೊಡುತ್ತವೆ. ಉತ್ತರದ ಪೀಠಿಕೆಯಲ್ಲಿ, ಮುಂದೆ ಇಷ್ಟು ಉದ್ದದ ಪುಟ ಬರುತ್ತದೆ ಎಂದು ‘ಕಂಟೆಂಟ್-ಲೆಂತ್’ ಎಂಬ ಸಾಲಿನಲ್ಲಿ ಹೇಳುವುದುಂಟು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅಕ್ಷರ ಎಣಿಸಿದರೂ ಬೈಟ್ ಎಣಿಸಿದರೂ ಒಂದೇ. ಕನ್ನಡದಲ್ಲಿ ಹಾಗಲ್ಲ. ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ವ್ಯಂಜನಕ್ಕೂ, ಪ್ರತಿ ಗುಣಿತ ಚಿಹ್ನೆಗೂ, ಅನುಸ್ವಾರಕ್ಕೂ ಮೂರು ಮೂರು ಬೈಟ್. ‘ತೇವಾಂಶ 72’ ಎಂಬುದನ್ನು ಕಳಿಸುತ್ತಿದ್ದೇವೆನ್ನಿ. ತ, ಏತ್ವ, ವ, ದೀರ್ಘ, ಸೊನ್ನೆ, ಶ: ಆರು ಚಿಹ್ನೆಗಳಿಗೆ ಹದಿನೆಂಟು ಬೈಟ್. ಒಂದು ತೆರಪು, ಎರಡು ಅಂಕಿಗೆ ಇನ್ನು ಮೂರು. ಒಟ್ಟು 21. ಪೈಥಾನ್‌ನಲ್ಲಿ ಪಠ್ಯದ ಉದ್ದ ಕೇಳಿದರೆ ಅದು ಚಿಹ್ನೆಗಳನ್ನು ಎಣಿಸಿ 9 ಎನ್ನುತ್ತದೆ. ಆ 9ನ್ನೇ ಪೀಠಿಕೆಯಲ್ಲಿ ಬರೆದು ಕಳಿಸಿದರೆ ಬ್ರೌಸರ್ ಒಂಬತ್ತು ಬೈಟ್ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಒಂಬತ್ತು ಬೈಟ್ ಎಂದರೆ ಮೂರು ಚಿಹ್ನೆ: ತ, ಏತ್ವ, ವ. ಫೋನಿನ ಪರದೆಯ ಮೇಲೆ ‘ತೇವ’ ಎಂದಷ್ಟೇ ಕಾಣುತ್ತದೆ. ಎಷ್ಟು ತೇವ ಎಂಬುದೇ ಇಲ್ಲ! ಮದ್ದು ಸರಳ: ಪಠ್ಯವನ್ನು ಮೊದಲು ಬೈಟುಗಳಾಗಿ ಮಾರ್ಪಡಿಸಿ, ಆಮೇಲೆ ಉದ್ದ ಅಳೆಯಬೇಕು. ಜೊತೆಗೆ ಪೀಠಿಕೆಯಲ್ಲಿ ಇದು ಯುಟಿಎಫ್-8 ಎಂದು ಹೇಳಿರಬೇಕು. ಹೇಳದಿದ್ದರೆ ಬ್ರೌಸರ್ ಎಷ್ಟೋ ಸಲ ಪಶ್ಚಿಮ ಯುರೋಪಿನ ಲಿಪಿಯೆಂದು ಊಹಿಸಿ, ಒಂದು ‘ತ’ದ ಜಾಗದಲ್ಲಿ ತಲೆಗೆ ಗೀರು ಎಳೆದ ರೋಮನ್ ಅಕ್ಷರ, ಪುಟಾಣಿ 2, ಯಾವುದೋ ನಾಣ್ಯದ ಗುರುತು, ಹೀಗೆ ಮೂರು ಮೂರು ವಿಚಿತ್ರಗಳನ್ನು ಚೆಲ್ಲುತ್ತದೆ. ಹಳೆಯ ಸರ್ಕಾರಿ ಜಾಲತಾಣ ನೋಡಿದವರಿಗೆ ಇಂಥ ದೃಶ್ಯ ಹೊಸದೇನಲ್ಲ.

ಪುಟ ಬಂತು, ಕನ್ನಡವೂ ಬಂತು. ಆದರೂ ಎರಡು ದಿನ ಬಿಟ್ಟು ನೋಡಿದರೆ ಸರ್ವರ್ ಸುಮ್ಮನೆ ಕೂತಿರುವುದುಂಟು. ಕಾರಣ ಹೀಗಿದ್ದೀತು: ಯಾರೋ ಫೋನಿನಲ್ಲಿ ಪುಟ ಒತ್ತಿ, ಸೊಪ್ಪಿನ ಹೊರೆ ಇಳಿಸಲು ಅತ್ತ ನಡೆದುಬಿಟ್ಟರು. ಸಂಪರ್ಕ ಆಯಿತು, ಮಾತು ಬರುವ ಮೊದಲೇ ಫೋನು ವೈಫೈ ವ್ಯಾಪ್ತಿಯಿಂದ ಆಚೆ ಹೋಯಿತು. ನಮ್ಮ ಪ್ರೋಗ್ರಾಮ್ ರಿಸೀವ್ ಎಂದು ಬಾಯಿ ತೆರೆದುಕೊಂಡು, ಎಂದೂ ಬಾರದ ಮಾತಿಗೆ ಕಾಯುತ್ತ ನಿಂತಿತು. ಅಲ್ಲಿ ನಿಂತದ್ದು ಸರ್ವರ್ ಮಾತ್ರವಾಗಿದ್ದರೆ ಪರವಾಗಿರಲಿಲ್ಲ. ಅದೇ ಸುತ್ತಿನಲ್ಲಿ ಸಂವೇದಕ ಓದುವ, ತೇವ ಮಿತಿ ಮೀರಿದರೆ ಗಂಟೆ ಬಾರಿಸುವ ಸಾಲುಗಳೂ ಇದ್ದವು. ಹಾಗಾಗಿ ಪ್ರತಿ ಗಿರಾಕಿಗೂ ಎರಡು ಮೂರು ಸೆಕೆಂಡಿನ ಗಡುವು ಹಾಕಬೇಕು, ಗಡುವು ಮೀರಿದವರ ಸಾಕೆಟ್ ಮುಚ್ಚಬೇಕು. ಮುಚ್ಚಲು ಮರೆತರೂ ಕೇಡೇ. ಚಿಪ್ಪಿನಲ್ಲಿ ಒಮ್ಮೆಗೆ ತೆರೆದಿರಬಹುದಾದ ಸಾಕೆಟ್ಟುಗಳು ಹತ್ತರ ಆಸುಪಾಸು, ಅವು ಮುಗಿದರೆ ಹೊಸಬರಿಗೆ ಬಾಗಿಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಗಂಟೆ ಬಾರಿಸುವ ಕೆಲಸವನ್ನು ವೆಬ್ ಸರ್ವರ್‌ನ ಮರ್ಜಿಗೆ ಬಿಡಲೇಬಾರದು. ಅದಕ್ಕೆ ಬೇರೆ ಟೈಮರ್ ಇರಲಿ. ಪುಟ ತೆರೆಯದಿದ್ದರೆ ಮನುಷ್ಯನಿಗೆ ಬೇಜಾರು, ಗಂಟೆ ಬಾರಿಸದಿದ್ದರೆ ಹುಳುವಿಗೆ ಸಾವು.

ಕರೆಂಟು ಹೋಗಿ ಬಂದರೆ ಇನ್ನೊಂದು ತಮಾಷೆ. ಚಿಪ್ಪಿಗೆ ಗಡಿಯಾರದ ನೆನಪಿಲ್ಲ. ಎಚ್ಚರವಾದಾಗಲೆಲ್ಲ ಮೈಕ್ರೋಪೈಥಾನ್ ಅಲ್ಲಿ 2000ನೇ ಇಸವಿಯ ಜನವರಿ 1 ಎಂದುಕೊಳ್ಳುತ್ತದೆ. ರಾತ್ರಿಯ ತೇವಾಂಶದ ದಾಖಲೆ ಇಟ್ಟವರು ಬೆಳಿಗ್ಗೆ ನೋಡಿದರೆ ಅರ್ಧ ರಾತ್ರಿ ಈ ವರ್ಷದ್ದು, ಇನ್ನರ್ಧ ಕಾಲು ಶತಮಾನ ಹಿಂದಿನದು. ಇಂಟರ್‌ನೆಟ್ ಇದ್ದಿದ್ದರೆ ಸಮಯ ಕೇಳಿಕೊಳ್ಳಬಹುದಿತ್ತು. ಇಲ್ಲದ ಕಡೆ ಡಿಎಸ್3231 ಎಂಬ ಬಟನ್ ಬ್ಯಾಟರಿಯ ಗಡಿಯಾರ ಚಿಪ್ಪು ಸೇರಿಸುತ್ತಾರೆ. ಕಾಸು ಖರ್ಚಿಲ್ಲದ ದಾರಿಯೂ ಒಂದಿದೆ: ಬಂದ ಫೋನಿಗೆ ಸಮಯ ಗೊತ್ತೇ ಇರುತ್ತದಲ್ಲ, ನಾವು ಕಳಿಸುವ ಪುಟದೊಳಗೆ ಜಾವಾಸ್ಕ್ರಿಪ್ಟಿನ ಎರಡು ಸಾಲು ಸೇರಿಸಿದರೆ ಫೋನು ತನ್ನ ಗಂಟೆಯನ್ನು ಸರ್ವರ್‌ಗೆ ಹೇಳಿಹೋಗುತ್ತದೆ.

ಗುಂಡ್ಲುಪೇಟೆ ಕಡೆಯವರಿಗೆ ಹುಳುಮನೆಗಿಂತ ಹತ್ತಿರದ ಪ್ರಶ್ನೆ ಬೋರ್‌ವೆಲ್ ಮೋಟರಿನದು. ಮಳೆನೆರಳಿನ ತಾಲ್ಲೂಕು, ಅರಿಶಿನ, ಚೆಂಡುಹೂವು, ಬಾಳೆ ಎಲ್ಲಕ್ಕೂ ನೆಲದಡಿಯ ನೀರೇ ಆಧಾರ. ಇಲ್ಲಿನ ಬೇರಂಬಾಡಿ ಜಲಾನಯನದ 84 ಚದರ ಕಿಲೋಮೀಟರ್, ಬಂಡೀಪುರದೊಳಗೆ ಮೂಲೆಹೊಳೆಯ ನಾಲ್ಕು ಚದರ ಕಿಲೋಮೀಟರ್ ಕಾಡು, ಇವೆರಡನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಐಆರ್‌ಡಿ ಸೇರಿ ವರ್ಷಗಳಿಂದ ಅಳೆಯುತ್ತಿವೆ: ಮಳೆ, ಮಣ್ಣಿನ ತೇವ, ಬಾವಿಗಳ ನೀರಿನ ಮಟ್ಟ. ಉಳುವ ನೆಲವೂ ಕಾಡೂ ಪಕ್ಕಪಕ್ಕದಲ್ಲೇ ಇರುವುದರಿಂದ ಹೋಲಿಸಿ ನೋಡಲು ಇಂಥ ಜಾಗ ಅಪರೂಪ. ರೈತನ ಮಟ್ಟಿಗೆ ಮಾತು ಇನ್ನೂ ನೇರ. ತ್ರೀಫೇಸ್ ಕರೆಂಟು ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಕಾಡಂಚಿನ ಹೊಲಕ್ಕೆ ಆ ಹೊತ್ತಿನಲ್ಲಿ ಹೋದರೆ ಆನೆ ಎದುರಾಗಬಹುದು. ಪುಣೆಯ ಸಂತೋಷ್ ಓಸ್ತವಾಲ್ ಅವರ ನ್ಯಾನೋ ಗಣೇಶ್‌ನಂಥ ಸಾಧನಗಳು ಮೊಬೈಲ್ ಕರೆಯಿಂದಲೇ ಮೋಟರ್ ನಡೆಸುವುದನ್ನು ಎಂದೋ ಸಾಧಿಸಿದವು, ಆದರೆ ಅವಕ್ಕೆ ಟವರ್ ಬೇಕು. ನಮ್ಮ ಚಿಪ್ಪಿಗೆ ಟವರ್ ಬೇಡ, ಬದಲಿಗೆ ವೈಫೈ ಬಯಲಿನಲ್ಲಿ ನೂರು ಮೀಟರ್ ದಾಟುವುದೇ ಕಷ್ಟ. ಪಂಪ್‌ಮನೆ ಅರ್ಧ ಕಿಲೋಮೀಟರ್ ಆಚೆ ಇದ್ದರೆ ಸರ್ವರ್ ಮನೆಯಲ್ಲಿರಲಿ, ಹೊಲದ ಚಿಪ್ಪಿನ ಜೊತೆ ಅದು ಲೋರಾ ರೇಡಿಯೋದಲ್ಲಿ ಮಾತಾಡಲಿ. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಗೆ ಲೈಸೆನ್ಸಿನ ಗೋಜಿಲ್ಲ.

ಅಂಕಿ ತೋರಿಸುವ ಪುಟಕ್ಕೂ ಮೋಟರ್ ನಡೆಸುವ ಪುಟಕ್ಕೂ ಇರುವ ವ್ಯತ್ಯಾಸವನ್ನು ಹೊಸಬರು ಕಡೆಗಣಿಸುವುದೇ ಹೆಚ್ಚು. ‘ಮೋಟರ್ ಆನ್’ ಎಂಬುದನ್ನು ಒಂದು ಕೊಂಡಿಯಾಗಿ ಮಾಡಿಟ್ಟರೆ, ಒತ್ತಿದಾಗ ಬ್ರೌಸರ್ ಕಳಿಸುವುದು ಅದೇ ‘ಗೆಟ್’. ಗೆಟ್ ಎಂದರೆ ಕೇವಲ ನೋಡುವುದು, ಅದರಿಂದ ಜಗತ್ತಿನಲ್ಲಿ ಏನೂ ಬದಲಾಗದು ಎಂಬ ನಂಬಿಕೆಯ ಮೇಲೆ ಬ್ರೌಸರುಗಳು ನಡೆಯುತ್ತವೆ. ಫೋನಿನಲ್ಲಿ ಜಾಗ ಸಾಲದಾದಾಗ ಹಿನ್ನೆಲೆಯ ಪುಟವನ್ನು ಕೈಬಿಟ್ಟು, ನೀವು ಮರಳಿದಾಗ ಕೇಳದೆಯೇ ಇನ್ನೊಮ್ಮೆ ತರಿಸುತ್ತವೆ. ಸಂಜೆ ಮೋಟರ್ ಆರಿಸಿದವರು ರಾತ್ರಿ ಹನ್ನೊಂದಕ್ಕೆ ಅರಿಶಿನದ ಧಾರಣೆ ನೋಡಲು ಬ್ರೌಸರ್ ತೆರೆದರೆ, ಹಳೆಯ ‘ಆನ್’ ಪುಟ ತಾನಾಗಿ ಮತ್ತೆ ಲೋಡ್ ಆಗಿ ಹೊಲದಲ್ಲಿ ಮೋಟರ್ ಗುಡುಗುತ್ತದೆ. ಬೋರಿನಲ್ಲಿ ನೀರಿಳಿದಿದ್ದರೆ ಒಣ ಓಡಿ ಸುಟ್ಟೂ ಹೋದೀತು. ಕೆಲಸ ಮಾಡಿಸುವ ಆದೇಶ ‘ಪೋಸ್ಟ್’ ಆಗಿರಬೇಕು. ಅದನ್ನು ಮರುಕಳಿಸುವ ಮೊದಲು ಬ್ರೌಸರ್ ನಿಮ್ಮನ್ನು ಕೇಳುತ್ತದೆ. ಆದೇಶವೂ ‘ಬದಲಿಸು’ ಎಂದಿರದೆ ‘ಆನ್ ಆಗು’, ‘ಆಫ್ ಆಗು’ ಎಂದು ಸ್ಪಷ್ಟವಾಗಿರಲಿ. ಆಗ ಎರಡು ಸಲ ತಲುಪಿದರೂ ಅನಾಹುತವಿಲ್ಲ. ವೈಫೈಗೆ ಎಂಟಕ್ಷರಕ್ಕೆ ಕಡಿಮೆಯಿಲ್ಲದ ಪಾಸ್‌ವರ್ಡ್ ಇರಲಿ, ಅಂಗಡಿಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಳ್ಳಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡದ್ದು, ಮಾಲೀಕರು ಎಂದೂ ಬದಲಿಸದ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು.

ಸ್ಟಾರ್ಟರ್ ಪೆಟ್ಟಿಗೆಯ ಒಳಗಿನ ಕೆಲಸ ಎಲೆಕ್ಟ್ರಿಷಿಯನ್ನನದು. ಚಿಪ್ಪಿನ 3.3 ವೋಲ್ಟು ಒಂದು ರಿಲೇಯನ್ನು ಕ್ಷಣಕಾಲ ಎಳೆದು ಹಸಿರು ಗುಂಡಿ ಒತ್ತಿದಷ್ಟೇ ಕೆಲಸ ಮಾಡಬೇಕು, ಉಳಿದದ್ದನ್ನು ಸ್ಟಾರ್ಟರೇ ನೋಡಿಕೊಳ್ಳುತ್ತದೆ. ಇಎಸ್‌ಪಿ32 ಎಚ್ಚರವಾಗುವ ಹೊತ್ತಿನಲ್ಲಿ ಅದರ ಕೆಲವು ಪಿನ್ನುಗಳು ಯಾರೂ ಹೇಳದಿದ್ದರೂ ಒಮ್ಮೆ ಮೇಲೆದ್ದು ಇಳಿಯುತ್ತವೆ. ರಿಲೇ ಅಂಥ ಪಿನ್ನಿನಲ್ಲಿದ್ದರೆ ಕರೆಂಟು ಬಂದಾಗಲೆಲ್ಲ ಮೋಟರ್ ತಾನೇ ಶುರುವಾಗುತ್ತದೆ. ಮೊದಲ ಕೆಲವು ದಿನ ಮೋಟರಿನ ಬದಲು ಒಂದು ಬಲ್ಬು ಕಟ್ಟಿ, ಚಿಪ್ಪಿನ ಕರೆಂಟನ್ನು ಮತ್ತೆ ಮತ್ತೆ ತೆಗೆದು ಕೊಟ್ಟು ನೋಡಿ. ಬಲ್ಬು ಒಮ್ಮೆ ಮಿನುಗಿದರೂ ರಿಲೇಯನ್ನು ಬೇರೆ ಪಿನ್ನಿಗೆ ಬದಲಿಸಿ.